ಎಂಟು ಬೀದಿಗಳ ಪಾಠ

ಕಡ್ಡಿಕೇರಿಯನ್ನು ಊರಿನಿಂದ ಅಳಿಸಿದವನು ನಾನು, ಬೇರೆ ಯಾರೂ ಅಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನಗೆ ಸುತ್ತಿ ಬಳಸಿ ಮಾತಾಡುವ ಚಾಳಿಯಿದೆ. ಮೂವತ್ತೊಂದು ವರ್ಷ ಮಕ್ಕಳ ಮುಂದೆ ನಿಂತು ಒಂದೇ ವಿಷಯವನ್ನು ಮೂರು ಮೂರು ಸಲ ಹೇಳಿದ ಬಾಯಿ ಇದು. ಸುತ್ತುತ್ತಾ ಹೋದರೆ ಕೊನೆಗೆ ತಪ್ಪು ಸೀಮೆಸುಣ್ಣದ್ದೋ ಬೋರ್ಡಿನದ್ದೋ ಆಗಿಬಿಡುತ್ತದೆ. ನನ್ನ ಹೆಸರು ಸೇತುರಾಮ. ಊರವರು ಮೇಷ್ಟ್ರು ಅಂತಲೇ ಕರೆಯುತ್ತಾರೆ. ಹೆಸರು ಹಿಡಿದು ಕರೆಯುವಷ್ಟು ಹಿರಿಯರು ಈಗ ಯಾರೂ ಉಳಿದಿಲ್ಲ.

ನಮ್ಮ ಊರಿನ ಶಾಲೆಯಲ್ಲಿ ವರ್ಷಕ್ಕೆ ಎರಡು ಸಲ ಒಪ್ಪಿಸುವ ದಿನ ಬರುತ್ತದೆ. ಒಂದು ದಸರಾ ರಜೆಗೆ ಮೊದಲು, ಇನ್ನೊಂದು ಬೇಸಿಗೆ ರಜೆಗೆ ಮೊದಲು. ಆ ಅರ್ಧ ವರ್ಷದಲ್ಲಿ ಕಲಿತ ಕನ್ನಡ, ಗಣಿತ, ಪರಿಸರ ಪಾಠಗಳನ್ನೆಲ್ಲ ನಾಲ್ಕನೇ ತರಗತಿಯ ಮಕ್ಕಳು ಶಾಲೆಯ ಜಗಲಿಯ ಮೇಲೆ ಸಾಲಾಗಿ ನಿಂತು, ಇಡೀ ಊರಿನೆದುರು ಒಂದೇ ದನಿಯಲ್ಲಿ ಒಪ್ಪಿಸುತ್ತಾರೆ. ಅವರು ಒಪ್ಪಿಸಿದ್ದು ಮುಂದಿನ ಒಪ್ಪಿಸುವ ದಿನದವರೆಗೆ ಊರಿಗೆ ನಿಜವಾಗುತ್ತದೆ. ಅದು ಯಾಕೆ ಹಾಗೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಹಲ್ಲಿ ಯಾಕೆ ಗೋಡೆಯಿಂದ ಬೀಳುವುದಿಲ್ಲ ಎಂದು ಕೇಳುತ್ತಾ ಕೂತರೆ ಮನೆಗೆಲಸ ಮಾಡುವವರು ಯಾರು?

ಗಡಿಯಾರದ ಪಾಠದಲ್ಲಿ ಪೂರ್ತಿ ಗಂಟೆಗಳನ್ನು ಮುಗಿಸಿ ಅರ್ಧ ಗಂಟೆಗೆ ಬರುವಷ್ಟರಲ್ಲಿ ನಾನು ಜ್ವರ ಬಂದು ಮಲಗಿದ ವರ್ಷ ನೆನಪಿದೆ. ಊರಿನಲ್ಲಿ ಆರು ತಿಂಗಳು ಎಂಟಾದ ಮೇಲೆ ನೇರ ಒಂಬತ್ತು. ಅನ್ನ ಬೇಯುವುದಕ್ಕೂ ಒಂದು ಗಂಟೆ, ಹಾಲು ಉಕ್ಕುವುದಕ್ಕೂ ಒಂದು ಗಂಟೆ. ಹೆಂಗಸರು ಒಲೆಯ ಮುಂದೆ ಕೂತು ನನಗೆ ಹಿಡಿಶಾಪ ಹಾಕಿದರು. ಇನ್ನೊಂದು ವರ್ಷ ಕನ್ನಡದಲ್ಲಿ ಗಾದೆಗಳ ಪಾಠವಿತ್ತು. ಕೈ ಕೆಸರಾದರೆ ಬಾಯಿ ಮೊಸರು ಎಂದು ಮಕ್ಕಳು ಒಪ್ಪಿಸಿದ್ದೇ ತಡ, ಆ ಸಂಜೆಯಿಂದಲೇ ಗದ್ದೆಯಿಂದ ಬಂದವರ ತಟ್ಟೆಯಲ್ಲೆಲ್ಲ ಗಟ್ಟಿ ಮೊಸರು. ಪಂಚಾಯ್ತಿ ಗುಮಾಸ್ತರು ಊಟಕ್ಕೆ ಮುಂಚೆ ಬಚ್ಚಲ ಮೋರಿಯಲ್ಲಿ ಕೈಯಾಡಿಸಿ ಬರತೊಡಗಿದರು. ಅವರಿಗೆ ಮಜ್ಜಿಗೆಯೂ ದಕ್ಕಲಿಲ್ಲ, ಅದು ಬೇರೆ ಮಾತು. ಒಟ್ಟಿನಲ್ಲಿ ಜನ ಹೇಗೋ ಹೊಂದಿಕೊಂಡು ಹೋಗುತ್ತಿದ್ದರು.

ಹೀಗಿದ್ದ ಮೇಲೆ ಮೇಷ್ಟ್ರಿಗೆ ಎಷ್ಟು ಮರ್ಯಾದೆ ಇರಬೇಡ, ನೀವೇ ಹೇಳಿ. ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ಮುನ್ನವೇ ನನ್ನ ಮನೆಗೆ ಸೋರೆಕಾಯಿ, ತೆಂಗಿನಕಾಯಿ, ಬೆಲ್ಲದ ಅಚ್ಚು ಬರತೊಡಗುತ್ತಿದ್ದವು. ತೂಕದ ಪಾಠವನ್ನು ಸ್ವಲ್ಪ ಮುಂದೆ ಹಾಕಿ ಎನ್ನುವವರು, ಹಣ್ಣಿನ ಗಿಡಗಳ ಪಾಠವನ್ನು ಬೇಗ ತೆಗೆದುಕೊಳ್ಳಿ ಎನ್ನುವವರು, ಮಗಳ ಮದುವೆ ಇದೆ, ಕುಟುಂಬ ಎಂಬ ಪಾಠದಲ್ಲಿ ಅತ್ತೆಯ ಬಗ್ಗೆ ಎರಡು ಒಳ್ಳೆಯ ಮಾತು ಸೇರಿಸಿ ಎನ್ನುವವರು. ನಾನು ಕಾಲ ಮೇಲೆ ಕಾಲು ಹಾಕಿ ಕೂತು ನೋಡೋಣ, ನೋಡೋಣ ಎನ್ನುತ್ತಿದ್ದೆ. ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ನಾನು ತಪ್ಪು ಕಲಿಸಿಲ್ಲ ಎಂಬ ಹಮ್ಮು ನನ್ನ ತಲೆಗೇರಿತ್ತು. ಅರ್ಧ ಬಿಟ್ಟಿರಬಹುದು, ತಪ್ಪು ಮಾತ್ರ ಕಲಿಸಿಲ್ಲ ಎಂದು ಎದುರಿಗೆ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ಆ ವರ್ಷದ ಮೊದಲ ಅರ್ಧಕ್ಕೆ ನಾಲ್ಕನೇ ತರಗತಿಗೆ ಕನ್ನಡದಲ್ಲಿ ಮೂರು ಪದ್ಯ, ಒಂದು ಪತ್ರಲೇಖನ ಇತ್ತು. ಗಣಿತದಲ್ಲಿ ಗುಣಾಕಾರ, ಭಾಗಾಕಾರ, ಅರ್ಧ, ಕಾಲು, ಮುಕ್ಕಾಲು. ಪರಿಸರದಲ್ಲಿ ನೀರು, ಆಹಾರ, ಹಕ್ಕಿಗಳ ಗೂಡು, ಅದರ ಜೊತೆಗೆ ಹೊಸ ಪುಸ್ತಕದಲ್ಲಿ ಹೊಸದಾಗಿ ಸೇರಿಸಿದ ಒಂದು ಪಾಠ: ನಮ್ಮ ಊರಿನ ನಕ್ಷೆ. ಪುಸ್ತಕದಲ್ಲಿ ಆ ಪುಟ ಖಾಲಿಯಿತ್ತು. ಶಿಕ್ಷಕರೇ ತಮ್ಮ ಊರಿನ ನಕ್ಷೆ ಬರೆದು ಕಲಿಸತಕ್ಕದ್ದು ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಶಾಲಾ ಸಮಿತಿಯ ಅಧ್ಯಕ್ಷರಾದ ರಂಗಶೆಟ್ಟರಿಗೆ ಈ ಸುದ್ದಿ ಹೇಗೆ ಮುಟ್ಟಿತೋ, ಮಾರನೇ ದಿನವೇ ಬೆಲ್ಲ ಹಿಡಿದು ಬಂದರು. ನಕ್ಷೆಯಲ್ಲಿ ಕೆರೆ ಬರುತ್ತದಲ್ಲ ಮೇಷ್ಟ್ರೇ, ಅದು ವರ್ಷವಿಡೀ ತುಂಬಿರುತ್ತದೆ ಎಂದು ಒಂದು ವಾಕ್ಯ ಸೇರಿಸಿದರೆ ಊರಿಗೆಲ್ಲ ಪುಣ್ಯ ಬರುತ್ತದೆ ಎಂದರು. ಅದರಲ್ಲೇನು ತಪ್ಪಿದೆ ಎಂದು ನಾನು ಸೇರಿಸಿದೆ.

ನಕ್ಷೆ ಬರೆಯುವುದರಲ್ಲಿ ನನ್ನ ಕೈ ಪಳಗಿದ್ದು. ಐದು ಬಣ್ಣದ ಸೀಮೆಸುಣ್ಣ ತರಿಸಿ, ಎರಡು ದಿನ ಕೂತು, ಬೋರ್ಡಿನ ತುಂಬ ಊರನ್ನು ಬರೆದೆ. ತೇರುಬೀದಿ, ಪೇಟೆಬೀದಿ, ಅಗಸರ ಬೀದಿ, ಆಸ್ಪತ್ರೆ ಬೀದಿ, ಹೀಗೆ ಎಂಟು ಬೀದಿಗಳು, ಪ್ರತಿ ಬೀದಿಯ ತಿರುವಿನಲ್ಲಿ ಒಂದು ಗುರುತು. ಹಿಟ್ಟಿನ ಗಿರಣಿಯ ಹೊಗೆಯನ್ನೂ ಬರೆದೆ. ರಂಗಶೆಟ್ಟರ ಅಂಗಡಿಯ ಮುಂದೆ ಮಲಗುವ ಕುಂಟ ನಾಯಿಯನ್ನೂ ಬಿಡಲಿಲ್ಲ. ಬಿಟ್ಟಿದ್ದು ಕಡ್ಡಿಕೇರಿಯನ್ನು. ಕೆರೆಯ ಹಿಂದೆ ಹುಣಸೆಮರ ದಾಟಿದರೆ ಹನ್ನೊಂದು ಮನೆಗಳ ಕೇರಿ ಅದು. ಅಲ್ಲಿಯವರು ಈಚಲ ಗರಿಯ ಪೊರಕೆ ಕಟ್ಟುತ್ತಾರೆ. ಊರಿನ ಎಲ್ಲ ಅಂಗಳವೂ ಅವರ ಪೊರಕೆಯಿಂದಲೇ ಗುಡಿಸಿಕೊಳ್ಳುತ್ತದೆ. ಆದರೆ ಅವರು ಊರೊಳಕ್ಕೆ ಹೊತ್ತು ತಂದು ಕೊಡುತ್ತಾರೆಯೇ ಹೊರತು ನಮ್ಮವರು ಯಾರೂ ಅತ್ತ ಹೋಗುವುದಿಲ್ಲ. ಹೋಗಬಾರದು ಎಂದು ಯಾರೂ ಹೇಳಿರಲಿಲ್ಲ, ಆದರೂ ಹೋಗುತ್ತಿರಲಿಲ್ಲ. ಹುಟ್ಟಿದಾಗಿನಿಂದ ಇದೇ ಊರಲ್ಲಿರುವ ನಾನು ಐವತ್ತಾರು ವರ್ಷದಲ್ಲಿ ಒಂದು ದಿನವೂ ಆ ಹುಣಸೆಮರ ದಾಟಿರಲಿಲ್ಲ. ನೋಡದ್ದನ್ನು ಬರೆಯುವುದು ಹೇಗೆ ಎಂದು ಆಗ ನೆಪ ಹೇಳಬಹುದಿತ್ತು. ನಿಜ ಹೇಳಬೇಕೆಂದರೆ ನೆನಪೇ ಆಗಲಿಲ್ಲ. ನಾಯಿ ನೆನಪಾಯಿತು, ಹನ್ನೊಂದು ಮನೆ ನೆನಪಾಗಲಿಲ್ಲ.

ಆ ತರಗತಿಯಲ್ಲಿ ಮಾದೇವಿ ಎಂಬ ಹುಡುಗಿ ಇದ್ದಳು. ಕಡ್ಡಿಕೇರಿಯ ದುಂಡಮ್ಮನ ಮಗಳು. ಆ ಕೇರಿಯಿಂದ ನಾಲ್ಕನೇ ತರಗತಿಯವರೆಗೆ ಬಂದ ಮೊದಲ ಮಗು ಅವಳೇ. ಉಳಿದವರೆಲ್ಲ ಎರಡನೆಯದರಲ್ಲೋ ಮೂರನೆಯದರಲ್ಲೋ ಬಿಟ್ಟು ಗರಿ ಸೀಳಲು ಕೂತಿದ್ದರು. ಈ ಹುಡುಗಿಗೆ ಒಂದು ಸಲ ಹೇಳಿದರೆ ಸಾಕು, ಕಲ್ಲಿನಲ್ಲಿ ಕೆತ್ತಿದ ಹಾಗೆ. ದನಿಯೂ ಹಾಗೇ, ಕಂಚಿನ ಗಂಟೆ. ನಕ್ಷೆ ಮುಗಿಸಿ ನಾನು ಕೈಯ ಸುಣ್ಣ ಕೊಡವಿಕೊಂಡು, ಎಲ್ಲರೂ ನಿಮ್ಮ ನಿಮ್ಮ ಮನೆ ಎಲ್ಲಿದೆ ತೋರಿಸಿ ಎಂದೆ. ಮಕ್ಕಳು ನೂಕುನುಗ್ಗಲಾಗಿ ಬಂದು ಬೋರ್ಡಿನ ಮೇಲೆ ಬೆರಳಿಟ್ಟರು. ಕೊನೆಗೆ ಮಾದೇವಿ ಬಂದು ಕೆರೆಯ ಆಸುಪಾಸಿನಲ್ಲೆಲ್ಲ ಹುಡುಕಿ, ನನ್ನ ಕಡೆ ತಿರುಗಿದಳು.

"ನಮ್ಮನೆ ಎಲ್ಲೈತೆ ಸಾ?"

ಆಗಲೇ ನನಗೆ ಗೊತ್ತಾಯಿತು. ಬೋರ್ಡಿನ ಆ ಮೂಲೆಯಲ್ಲಿ ಕೆರೆಯ ನೀಲಿ ಅಂಚಿನವರೆಗೂ ತುಂಬಿತ್ತು. ಕೇರಿಯನ್ನು ಸೇರಿಸಬೇಕೆಂದರೆ ಕೆರೆಯನ್ನು ಅಳಿಸಿ ಸಣ್ಣದಾಗಿ ಬರೆಯಬೇಕು, ಎರಡು ದಿನದ ಕೆಲಸ ಹಾಳಾಗುತ್ತದೆ, ಮೇಲಾಗಿ ಮಕ್ಕಳ ಮುಂದೆ ಮರೆತೆ ಎನ್ನಬೇಕು. ಅದೆಲ್ಲ ಊರಾಚೆ ಬರುತ್ತದೆ, ಕೂತುಕೋ ಎಂದೆ. ಅವಳು ಕೂತಳು. ಮಾರನೇ ದಿನ ನೋಟ್ಸ್ ತಿದ್ದುವಾಗ ಅವಳ ಪುಸ್ತಕದಲ್ಲಿ ನಕ್ಷೆಯ ಗೆರೆಯ ಹೊರಗೆ, ಕೆರೆಯ ಹಿಂದೆ, ಪೆನ್ಸಿಲಿನಲ್ಲಿ ಹನ್ನೊಂದು ಚುಕ್ಕಿಗಳಿದ್ದವು. ನಾನು ಕೆಂಪು ಪೆನ್ನಿನಿಂದ ಅದರ ಮೇಲೆ ಗೀಟು ಹೊಡೆದು, ಗೆರೆಯ ಆಚೆ ಬರೆಯಬಾರದು ಎಂದು ಬರೆದೆ. ಇದನ್ನು ಹೇಳಲು ನನಗೆ ನಾಲಗೆ ಏಳುತ್ತಿಲ್ಲ, ಆದರೆ ಬರೆದದ್ದು ನಿಜ.

ಒಪ್ಪಿಸುವ ದಿನಕ್ಕೆ ಮುಂದಿನ ಸಾಲಿನ ನಡುವೆ ನಿಲ್ಲಿಸಲು ನನಗೆ ಗಟ್ಟಿ ದನಿಯ ಮಗು ಬೇಕಿತ್ತು. ಅವಳು ಹಿಡಿದ ಶ್ರುತಿಗೆ ಉಳಿದವರು ಸೇರಿಕೊಳ್ಳಬೇಕು. ಮಾದೇವಿಯನ್ನು ನಿಲ್ಲಿಸಿದೆ. ಸುದ್ದಿ ಕೇಳಿ ಕಡ್ಡಿಕೇರಿಗೆ ಕಡ್ಡಿಕೇರಿಯೇ ಆ ಶನಿವಾರ ಶಾಲೆಗೆ ಬಂತು. ಹನ್ನೊಂದು ಮನೆಯ ಹಿರಿಕಿರಿಯರೆಲ್ಲ ತಲೆಗೆ ಎಣ್ಣೆ ಹಚ್ಚಿ, ಒಗೆದ ಬಟ್ಟೆ ಉಟ್ಟು, ಜನದ ಹಿಂದೆ ಬೇಲಿಯ ಪಕ್ಕ ನಿಂತರು. ಬಾರದವಳು ಒಬ್ಬಳೇ, ಮಾದೇವಿಯ ಅಜ್ಜಿ ನಿಂಗಜ್ಜಿ. ಕಾಲು ಸ್ವಾಧೀನ ತಪ್ಪಿ ಹೊಸಿಲಲ್ಲೇ ಕೂತಿರುತ್ತಿದ್ದ ಮುದುಕಿ. ಒಂದು ಗಳಿಗೆ ತಾನೆ, ಹೋಗಿ ಬಂದುಬಿಡುತ್ತೇವೆ ಎಂದು ಹೇಳಿ ಬಂದಿದ್ದರಂತೆ.

ಮಕ್ಕಳು ಪದ್ಯ ಒಪ್ಪಿಸಿದರು, ಮಗ್ಗಿ ಒಪ್ಪಿಸಿದರು, ಎರಡು ಕಾಲು ಸೇರಿದರೆ ಅರ್ಧ ಎಂದರು. ಆಮೇಲೆ ಮಾದೇವಿ ಕೈಕಟ್ಟಿ ನಿಂತು, ಕತ್ತೆತ್ತಿ, ನಮ್ಮ ಊರಿನಲ್ಲಿ ಎಂಟು ಬೀದಿಗಳಿವೆ ಎಂದು ಶುರು ಮಾಡಿದಳು. ಮೂವತ್ತು ಮಕ್ಕಳು ಅವಳ ಹಿಂದೆ ದನಿಗೂಡಿಸಿದರು. ಬೀದಿಗಳ ಹೆಸರು ಒಂದೊಂದಾಗಿ ಬಂದವು. ಮೂಡಲಲ್ಲಿ ಕೆರೆಯಿದೆ, ಕೆರೆ ವರ್ಷವಿಡೀ ತುಂಬಿರುತ್ತದೆ, ಇಲ್ಲಿಗೆ ನಮ್ಮ ಊರು ಮುಗಿಯಿತು ಎಂದು ನಿಲ್ಲಿಸಿದಾಗ ಬೇಲಿಯ ಪಕ್ಕ ನಿಂತವರು ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದರು. ದುಂಡಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನು ಅಧ್ಯಕ್ಷರ ಪಕ್ಕ ಕುರ್ಚಿಯಲ್ಲಿ ಕೂತಿದ್ದೆ, ಹಾರ ಹಾಕಿಸಿಕೊಂಡು.

ಮನೆಗೆ ಹೊರಟ ಕೇರಿಯವರು ಅರ್ಧ ಗಂಟೆಯಲ್ಲಿ ಹಿಟ್ಟಿನ ಗಿರಣಿಯ ಮುಂದೆ ಕಾಣಿಸಿಕೊಂಡರು. ಕೆರೆ ಏರಿ ಹತ್ತಿ, ಹುಣಸೆಮರ ದಾಟಿ ಎಂದಿನಂತೆ ಕಾಲುದಾರಿ ಹಿಡಿದರೆ ಗಿರಣಿ ಎದುರಾಗುತ್ತದೆ. ದಾರಿ ತಪ್ಪಿತೇನೋ ಎಂದು ನಗುತ್ತಾ ತಿರುಗಿ ಹೋದರು, ಮತ್ತೆ ಗಿರಣಿ. ಮೂರನೇ ಸಲ ಯಾರೂ ನಗಲಿಲ್ಲ. ಗಂಡಸರು ಏರಿಯ ಕೆಳಗಿಂದ ಮುಳ್ಳು ತುಳಿದುಕೊಂಡು ಹೋದರು, ಗಿರಣಿಯ ಹಿತ್ತಲಿಗೆ ಬಂದರು. ಕೆರೆ ತುಂಬಿ ತುಳುಕುತ್ತಿತ್ತು. ಅದರ ಹಿಂದೆ ಬರೀ ಆಕಾಶ. ದುಂಡಮ್ಮ ಏರಿಯ ಮೇಲೆ ನಿಂತು ಅವ್ವಾ ಎಂದು ಕೂಗಿದಳು. ಕೂಗಿದ್ದು ಪೇಟೆಬೀದಿಯಲ್ಲಿ ಕೇಳಿಸಿತು.

ಅವರೆಲ್ಲ ಶಾಲೆಗೆ ಬಂದು ನನ್ನ ಮುಂದೆ ನಿಂತರು. ಯಾರೂ ಜೋರು ಮಾಡಲಿಲ್ಲ. ದುಂಡಮ್ಮನೇ ಮುಂದೆ ಬಂದು, ಎಂಟು ಅಂದುಬಿಟ್ಟರಲ್ಲ ಮೇಷ್ಟ್ರೇ, ನಮ್ಮದು ಸೇರಿದರೆ ಒಂಬತ್ತು ಅಲ್ಲವೇ, ನೀವು ಹೇಗೆ ಹೇಳಿಕೊಟ್ಟಿದ್ದಿರಿ ಎಂದು ಕೇಳಿದಳು. ನಾನು ಬಾಯಿ ತೆರೆದೆ. ಏನು ಹೇಳುತ್ತಿದ್ದೆನೋ ನನಗೇ ಗೊತ್ತಿಲ್ಲ. ಅಷ್ಟರಲ್ಲಿ ಮಾದೇವಿ ನನ್ನ ಮತ್ತು ಅವಳ ನಡುವೆ ಬಂದು ನಿಂತಳು.

"ಮೇಷ್ಟ್ರು ಒಂಬತ್ತು ಅಂತ್ಲೇ ಹೇಳ್ಕೊಟ್ಟಿದ್ರು ಕಣವ್ವ. ನಾನೇ ಮರ್ತು ಎಂಟು ಅಂದ್ಬುಟ್ಟೆ."

ದುಂಡಮ್ಮ ಒಂದು ಕ್ಷಣ ಮಗಳನ್ನು ನೋಡಿದಳು, ಆಮೇಲೆ ಕೆನ್ನೆಗೆ ಬಾರಿಸಿದಳು. ಕೇರಿಯ ಹೆಂಗಸೊಬ್ಬಳು, ಮುದುಕಿಯನ್ನು ನುಂಗಿದೆಯಲ್ಲೇ ಎಂದಳು. ಮಾದೇವಿ ತಲೆ ತಗ್ಗಿಸಿ ನಿಂತಳು, ಅಳಲಿಲ್ಲ. ನಾನು ಆ ಮಗುವಿನಿಂದ ಒಂದು ಮೊಳ ದೂರದಲ್ಲಿದ್ದೆ. ಮೈಮೇಲೆ ಹಾರವೂ ಇತ್ತು. ತುಟಿಪಿಟಕ್ಕೆನ್ನಲಿಲ್ಲ. ನೆಲ ಬಿರಿದರೆ ಇಳಿದುಹೋಗುತ್ತಿದ್ದೆ ಎನ್ನುತ್ತಾರಲ್ಲ, ಅದು ಸುಳ್ಳು ಮಾತು. ನೆಲ ಬಿರಿಯಲಿಲ್ಲ, ನಾನು ಅಲ್ಲೇ ನಿಂತಿದ್ದೆ, ಆಮೇಲೆ ಮನೆಗೆ ಹೋಗಿ ಊಟವನ್ನೂ ಮಾಡಿದೆ.

ಶಾಲೆಗೆ ರಜೆ ಬಂದಿತ್ತಲ್ಲ, ಕೇರಿಯವರನ್ನು ಎರಡು ಕೊಠಡಿಗಳಲ್ಲಿ ಇರಿಸಿದರು. ಊರು ಬಹಳ ಬೇಗ ಹೊಂದಿಕೊಂಡಿತು. ಯಾರೋ ಅಕ್ಕಿ ಕೊಟ್ಟರು, ಯಾರೋ ಹಳೇ ಚಾಪೆ ಕೊಟ್ಟರು. ಬೇಸಿಗೆಯ ಒಪ್ಪಿಸುವ ದಿನ ಒಂಬತ್ತು ಎಂದು ಹೇಳಿಸಿದರಾಯಿತು, ಆರು ತಿಂಗಳು ತಾನೆ ಎಂದರು. ಆರು ತಿಂಗಳು ಆ ಮುದುಕಿ ಏನು ಮಾಡಬೇಕು ಎಂದು ಕೇಳಿದರೆ ಪಾಪ ಎನ್ನುತ್ತಿದ್ದರು. ಪೊರಕೆ ಸವೆಯುತ್ತದಲ್ಲ, ಈಗಿನಿಂದಲೇ ಜೋಪಾನವಾಗಿ ಗುಡಿಸಿ ಎಂದು ಸೊಸೆಯಂದಿರಿಗೆ ಹೇಳಿದ ಅತ್ತೆಯಂದಿರನ್ನೂ ನಾನು ಕಂಡಿದ್ದೇನೆ. ಅವರನ್ನು ಆಡಿಕೊಳ್ಳುವ ಯೋಗ್ಯತೆ ನನಗಿಲ್ಲ.

ದಾರಿ ಒಂದಿತ್ತು. ಊರಿನ ಎಲ್ಲರಿಗೂ ಗೊತ್ತಿದ್ದ ದಾರಿ, ಯಾವ ಮೇಷ್ಟ್ರೂ ತುಳಿಯದ ದಾರಿ. ಕಲಿಸಿದವನು ಅದೇ ಜಗಲಿಯ ಮೇಲೆ ನಿಂತು, ಅದೇ ಮಕ್ಕಳ ಎದುರು, ನಾನು ತಪ್ಪು ಕಲಿಸಿದೆ ಎಂದರೆ ಆ ಅರ್ಧ ವರ್ಷದ ಪಾಠವೆಲ್ಲ ಸಡಿಲವಾಗಿ ಉದುರಿಹೋಗುತ್ತದೆ. ಒಂದು ವಾಕ್ಯ ಮಾತ್ರ ಉದುರುವುದಿಲ್ಲ, ಎಲ್ಲವೂ ಹೋಗುತ್ತದೆ. ರಂಗಶೆಟ್ಟರು ಅದಕ್ಕೇ ಮರುದಿನ ಬೆಳಿಗ್ಗೆಯೇ ನನ್ನ ಮನೆಗೆ ಬಂದರು. ಅವರಿಗೆ ಎಲ್ಲ ಗೊತ್ತಿತ್ತು. ನಕ್ಷೆಯನ್ನು ಅವರೂ ನೋಡಿದ್ದರು, ಅವರ ಕಣ್ಣಿಗೂ ಕೇರಿ ಇಲ್ಲದ್ದು ಬಿದ್ದಿರಲಿಲ್ಲ. ಮಗು ತಾನೇ ಮರೆತೆ ಅಂದಿದೆ, ಹಾಗೇ ಇರಲಿ ಬಿಡಿ ಎಂದರು. ನೀವು ಜಗಲಿ ಹತ್ತಿದರೆ ಕೆರೆಯ ನೀರು ಹೋಗುತ್ತದೆ, ಊರಿನ ಬೆಳೆ ಹೋಗುತ್ತದೆ, ಒಂದು ಜೀವಕ್ಕೋಸ್ಕರ ಊರನ್ನು ಬಲಿ ಕೊಡುತ್ತೀರಾ ಎಂದು ಕೇಳಿದರು. ನನಗೆ ಎಷ್ಟು ನಿರಾಳವಾಯಿತೆಂದರೆ ಅವರಿಗೆ ಕಾಫಿ ಕೊಡಲು ಹೆಂಡತಿಗೆ ಎರಡು ಸಲ ಹೇಳಿದೆ. ಊರಿನ ಒಳ್ಳೆಯದಕ್ಕಾಗಿ ಬಾಯಿ ಮುಚ್ಚಿಕೊಂಡಿದ್ದೇನೆ ಎಂದು ಅಂದುಕೊಳ್ಳಬಹುದಿತ್ತಲ್ಲ. ನನ್ನ ಹೆಂಡತಿ ಸುಭದ್ರೆ ಕಾಫಿ ತರಲಿಲ್ಲ. ಶೆಟ್ಟರು ಹೋದ ಮೇಲೆ, ಆ ಮುದುಕಿಗೆ ಇವತ್ತು ಯಾರು ನೀರು ಕೊಟ್ಟರು ಎಂದು ಕೇಳಿ ಒಳಗೆ ಹೋದಳು.

ಕಳ್ಳದಾರಿಗಳನ್ನೆಲ್ಲ ನೋಡಿದೆ. ಯಾರೂ ಇಲ್ಲದ ಹೊತ್ತಿನಲ್ಲಿ ತರಗತಿಗೆ ಹೋಗಿ, ಬೋರ್ಡಿನ ಕೆರೆಯನ್ನು ಒರೆಸಿ, ಅದರ ಹಿಂದೆ ಹನ್ನೊಂದು ಮನೆ ಬರೆದೆ. ಬರೆದು ಏರಿಯ ಮೇಲೆ ಹೋಗಿ ನೋಡಿದರೆ ಆಕಾಶ ಹಾಗೇ ಇತ್ತು. ನಾನೇ ಹುಣಸೆಮರ ದಾಟಿ ನಡೆದೆ. ಬದುಕಿನಲ್ಲಿ ಮೊದಲ ಸಲ ಆ ಮರ ದಾಟಿದ್ದು, ದಾಟಿ ಬಂದದ್ದು ಗಿರಣಿಯ ಮುಂದೆ. ಹಿಟ್ಟು ಬೀಸಿಸಲು ಕೂತಿದ್ದವರು ನನ್ನನ್ನು ನೋಡಿ ಮುಖ ತಿರುಗಿಸಿಕೊಂಡರು. ಅಂದರೆ ಅವರಿಗೂ ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು, ಕೇರಿಯವರಿಗೆ ಮಾತ್ರ ಗೊತ್ತಿರಲಿಲ್ಲ.

ಮೂರನೇ ದಿನ ಮಾದೇವಿ ಶಾಲೆಯ ಬಾವಿಕಟ್ಟೆಯ ಹತ್ತಿರ ಒಬ್ಬಳೇ ಪಾತ್ರೆ ತೊಳೆಯುತ್ತಿದ್ದಳು. ಕೇರಿಯ ಮಕ್ಕಳು ಅವಳ ಜೊತೆ ಮಾತು ಬಿಟ್ಟಿದ್ದರು. ಬೂದಿ ಮೆತ್ತಿದ ಕೈಯಲ್ಲೇ ಎದ್ದು ನಿಂತು ನಮಸ್ಕಾರ ಸಾ ಎಂದಳು. ಯಾಕೆ ಹಾಗೆ ಹೇಳಿದೆ ಎಂದು ಕೇಳಲು ನನಗೆ ಅಷ್ಟು ಹೊತ್ತು ಬೇಕಾಯಿತು, ಕೊನೆಗೂ ಕೇಳಿದೆ. ಅವಳು ಸುತ್ತ ನೋಡಿ ಸಣ್ಣ ದನಿಯಲ್ಲಿ ಹೇಳಿದಳು.

"ನೀವು ತಪ್ಪು ಹೇಳ್ಕೊಟ್ರಿ ಅಂತ ಅವ್ವಂಗೆ ಗೊತ್ತಾದ್ರೆ ನನ್ನ ಇಸ್ಕೂಲ್ ಬಿಡುಸ್ಬುಡ್ತಾಳೆ ಸಾ. ನಂಗೆ ಐದನೇ ಕ್ಲಾಸು ಓದ್ಬೇಕು."

ಹೇಳಿ ಮತ್ತೆ ಕೂತು ಪಾತ್ರೆ ಉಜ್ಜತೊಡಗಿದಳು. ಕೆನ್ನೆಯಲ್ಲಿ ಇನ್ನೂ ಬೆರಳಿನ ಗುರುತು ಇತ್ತೋ, ನನಗೆ ಹಾಗೆ ಕಂಡಿತೋ ತಿಳಿಯದು. ಆಗಲಾದರೂ ನಾನು ಜಗಲಿ ಹತ್ತಬೇಕಿತ್ತು. ಹತ್ತಲಿಲ್ಲ. ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಮತ್ತೂ ಮೂರು ದಿನ ಕಳೆದೆ. ಮೇಷ್ಟ್ರು ತಪ್ಪು ಕಲಿಸಿದರಂತೆ ಎಂಬ ಮಾತು ಪೇಟೆಬೀದಿಯಲ್ಲಿ ಹೇಗೆ ಕೇಳಿಸುತ್ತದೆ ಎಂದು ಯೋಚಿಸುತ್ತಿದ್ದೆ. ಮುದುಕಿಯ ಬಗ್ಗೆ ಯೋಚಿಸಿದ್ದು ಅದರ ಅರ್ಧದಷ್ಟೂ ಇಲ್ಲ. ಸುಭದ್ರೆ ಅನ್ನ ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ. ಶುಕ್ರವಾರ ಬೆಳಿಗ್ಗೆ ನೀರಿನ ಲೋಟವನ್ನು ನನ್ನ ಮುಂದೆ ಇಟ್ಟು, ಎತ್ತಿಕೊಳ್ಳಲು ಕೈ ಚಾಚಿದರೆ ಲೋಟದ ಮೇಲೆ ತನ್ನ ಕೈ ಇಟ್ಟು ಮುಚ್ಚಿದಳು. ನಾನು ಎದ್ದೆ. ಧೈರ್ಯ ಬಂದು ಎದ್ದೆ ಎಂದು ತಿಳಿಯಬೇಡಿ, ಆ ಮನೆಯಲ್ಲಿ ಕೂರಲಾಗದೆ ಎದ್ದೆ.

ಶಾಲೆಯ ಗಂಟೆಯನ್ನು ನಾನೇ ಬಾರಿಸಿದೆ. ರಜೆಯಲ್ಲಿ ಗಂಟೆ ಬಾರಿಸಿದರೆ ಇಡೀ ಊರು ಓಡಿ ಬರುತ್ತದೆ. ನಾಲ್ಕನೇ ತರಗತಿಯ ಮಕ್ಕಳನ್ನು ಮುಂದೆ ಕೂರಿಸಿದೆ. ರಂಗಶೆಟ್ಟರು ಏದುಸಿರು ಬಿಡುತ್ತಾ ಬಂದು, ಜಗಲಿಯ ಮೆಟ್ಟಿಲಿಗೆ ಅಡ್ಡ ನಿಂತು, ಕೆರೆಯನ್ನು ನೋಡಿಕೊಂಡು ಮಾತಾಡಿ ಎಂದರು. ಅವರನ್ನು ಬಳಸಿ ಹತ್ತಿದೆ. ಮಕ್ಕಳು ನಿಲ್ಲುವ ಜಾಗದಲ್ಲಿ ನಿಂತರೆ ಊರು ಬೇರೆಯ ಹಾಗೆ ಕಾಣುತ್ತದೆ, ಎಲ್ಲರ ಮುಖವೂ ನಿಮ್ಮನ್ನೇ ನೋಡುತ್ತಿರುತ್ತದೆ. ಕೈಕಟ್ಟಿ ನಿಂತೆ.

"ಊರಿಗೆ ಎಂಟು ಬೀದಿ ಅಂತ ನಾನೇ ಕಲಿಸಿದ್ದು. ತಪ್ಪು ಕಲಿಸಿದೆ. ಮಾದೇವಿ ಮರೆಯಲಿಲ್ಲ. ನಮ್ಮ ಮನೆ ಎಲ್ಲಿ ಅಂತ ಅವಳು ಕೇಳಿದ್ದಳು. ನಾನು ಕೂತುಕೋ ಅಂದೆ."

ಕೇರಿಯವರು ಅಂದಿನ ಹಾಗೇ ಬೇಲಿಯ ಪಕ್ಕ ನಿಂತಿದ್ದರು. ದುಂಡಮ್ಮ ನನ್ನ ಕಡೆ ನೋಡಲೇ ಇಲ್ಲ, ಮಗಳ ಕಡೆ ನೋಡಿದಳು. ಆಮೇಲೆ ಜನರನ್ನು ಸೀಳಿಕೊಂಡು ಬಂದು, ಮುಂದೆ ಕೂತಿದ್ದ ಮಾದೇವಿಯನ್ನು ರಟ್ಟೆ ಹಿಡಿದು ಎಬ್ಬಿಸಿ, ಸೊಂಟಕ್ಕೆ ಒತ್ತಿಕೊಂಡಳು. ಹತ್ತು ವರ್ಷದ ಹುಡುಗಿ, ಎತ್ತಿಕೊಳ್ಳುವ ಹಾಗಿದ್ದರೆ ಎತ್ತಿಕೊಳ್ಳುತ್ತಿದ್ದಳು. ಏರಿಯ ಕಡೆಯಿಂದ ಯಾರೋ ನೀರು ಇಳಿಯುತ್ತಿದೆ ಎಂದು ಕೂಗಿದರು. ಊರಿನ ಜನ ಅತ್ತ ಓಡಿದರು, ಕೇರಿಯವರು ಹುಣಸೆಮರದ ಕಡೆ ಓಡಿದರು. ನಾನು ಒಂದು ಗಳಿಗೆ ಜಗಲಿಯ ಮೇಲೆ ಒಬ್ಬನೇ ನಿಂತಿದ್ದು, ಕೇರಿಯವರ ಹಿಂದೆ ಹೋದೆ. ಏರಿಯ ಮೇಲಿದ್ದವರಲ್ಲಿ ಒಬ್ಬರು ನಾನು ದಾಟುವಾಗ ಥೂ ಎಂದು ಉಗಿದರು. ಕಾಲಿನ ಪಕ್ಕದಲ್ಲೇ ಬಿತ್ತು.

ಈ ಸಲ ಗಿರಣಿ ಬರಲಿಲ್ಲ. ಹುಣಸೆಮರದಿಂದ ನೂರು ಹೆಜ್ಜೆ ಅಷ್ಟೇ. ಐವತ್ತಾರು ವರ್ಷ ನನಗೆ ದೂರವಾಗಿದ್ದ ನೂರು ಹೆಜ್ಜೆ. ಎರಡು ಸಾಲಾಗಿ ಹನ್ನೊಂದು ಮನೆ, ನಡುವೆ ಸಗಣಿ ಸಾರಿಸಿದ ಒಂದೇ ಅಂಗಳ. ಗೋಡೆಗೆ ಒರಗಿಸಿ ಒಣಹಾಕಿದ ಈಚಲ ಗರಿಗಳು, ಬಾಗಿಲುಗಳಿಗೆ ಸುಣ್ಣದ ಪಟ್ಟೆ. ನನ್ನ ತೇರುಬೀದಿಗಿಂತ ಚೊಕ್ಕಟವಾಗಿತ್ತು. ಅದರ ಕೊನೆಯ ಹೊಸಿಲಲ್ಲಿ ನಿಂಗಜ್ಜಿ ಕೂತಿದ್ದಳು. ಬದುಕಿದ್ದಳು. ತುಟಿ ಒಡೆದಿತ್ತು, ಕಣ್ಣು ಗುಳಿಬಿದ್ದಿತ್ತು. ತೆವಳಿಕೊಂಡು ಹೋಗಿ ಪಕ್ಕದ ಮನೆಗಳ ಕೊಡಗಳಿಂದ ನೀರು ಕುಡಿದು, ಕಟ್ಟಿದ್ದ ಮೇಕೆಯ ಹಾಲು ಹಿಂಡಿಕೊಂಡು ಆರು ದಿನ ತಳ್ಳಿದ್ದಳು. ಎಲ್ಲರೂ ಅವಳ ಸುತ್ತ ಕೂತು ಅತ್ತರು. ಅತ್ತು ಮುಗಿದ ಮೇಲೆ ಅವಳು ನನ್ನನ್ನು ನೋಡಿ, ಇವರು ಯಾರು ಎಂದಳು. ನಮ್ಮ ಮೇಷ್ಟ್ರು ಎಂದಳು ಮಾದೇವಿ. ನಾನು ಕೈಮುಗಿದು, ತಪ್ಪು ನನ್ನದು ಅಜ್ಜಿ, ನನ್ನಿಂದಾಗಿ ಊರಿನವರಿಗೆ ಯಾರಿಗೂ ಇಲ್ಲಿಗೆ ಬರಲಾಗಲಿಲ್ಲ ಎಂದೆ. ಮುದುಕಿ ಕಿವಿಗೆ ಕೈಯಿಟ್ಟು ಕೇಳಿಸಿಕೊಂಡಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

"ನಮ್ಮೋರು ಬರ್ಲಿಲ್ಲ ಅಂತ ಜೀವ ಬಾಯಿಗೆ ಬಂದಿತ್ತು ಸೋಮಿ. ಊರೋರು ಬರ್ಲಿಲ್ಲ ಅನ್ನಾದು ನಂಗೆ ತಿಳೀಲೇ ಇಲ್ಲ. ಅವ್ರು ಯಾವತ್ತು ಬಂದಿದ್ರು?"

ಅವಳು ಚಾಪೆ ಹಾಕಿಸಿದಳು. ಕೂತೆ. ಸಂಜೆಯ ಹೊತ್ತಿಗೆ ಕೆರೆ ಮೊಣಕಾಲಿಗಿಳಿದಿದೆ ಎಂಬ ಸುದ್ದಿ ಬಂತು. ರಂಗಶೆಟ್ಟರ ಮೊಮ್ಮಗ, ಮಾದೇವಿಯ ತರಗತಿಯವನೇ, ಬೆಲ್ಲದ ಅಚ್ಚನ್ನು ಅರ್ಧ ಮಾಡು ಎಂದರೆ ಪಿಳಿಪಿಳಿ ಕಣ್ಣು ಬಿಡುತ್ತಿದ್ದಾನಂತೆ. ಪದ್ಯ ಹೇಳು ಎಂದರೆ ಬಾಯಿಗೆ ಬರುತ್ತಿಲ್ಲ, ಊರಿಗೆ ಎಷ್ಟು ಬೀದಿ ಎಂದರೆ ಗೊತ್ತಿಲ್ಲ ಎನ್ನುತ್ತಾನಂತೆ. ಮಕ್ಕಳ ತಲೆಯಿಂದ ಎಲ್ಲವೂ ಉದುರಿತ್ತು. ಇನ್ನು ಇವನ ಕೈಗೆ ಮಕ್ಕಳನ್ನು ಕೊಡುವುದಿಲ್ಲ ಎಂದು ಪೇಟೆಬೀದಿಯಲ್ಲಿ ಮಾತಾಡಿಕೊಂಡರಂತೆ. ಅದನ್ನು ಕೇಳಿಯೂ ನನಗೆ ಹೆಚ್ಚು ನೋವಾಗಲಿಲ್ಲ. ದುಂಡಮ್ಮ ಮಾತ್ರ, ಕೇಳಿದರೂ ಕೇಳದವಳ ಹಾಗೆ, ರಜೆ ಯಾವತ್ತು ಮುಗಿಯುತ್ತದೆ, ಇವಳಿಗೆ ಹೊಸ ಬಳಪ ಬೇಕಾಗುತ್ತದಾ ಎಂದು ಕೇಳಿದಳು. ನನ್ನ ಕಣ್ಣು ತುಂಬಿ ಬಂತು. ಬೇಕಾಗುತ್ತದೆ, ಎಲ್ಲವನ್ನೂ ಮೊದಲಿನಿಂದ ಕಲಿಯಬೇಕಲ್ಲ ಎಂದೆ.

ಮಾದೇವಿ ಚೊಂಬಿನಲ್ಲಿ ನೀರು ತಂದು ಕೊಟ್ಟಳು. ಅವಳಿಗೆ ಏನೇನು ಉಳಿದಿದೆ ನೋಡೋಣ ಎಂದು ಒಂದೊಂದೇ ಕೇಳಿದೆ. ಎರಡು ಕಾಲು ಸೇರಿದರೆ ಎಷ್ಟು ಎಂದರೆ ನಾಚಿ ನಕ್ಕಳು, ಗೊತ್ತಿರಲಿಲ್ಲ. ಪದ್ಯದ ಮೊದಲ ಸಾಲೂ ಇರಲಿಲ್ಲ. ಕಲ್ಲಿನಲ್ಲಿ ಕೆತ್ತಿದ್ದೆಲ್ಲ ಒರೆಸಿಹೋಗಿತ್ತು. ಹಾಗಾದರೆ ಅದೂ ಹೋಗಿರಬೇಕು ಎಂದು ಹಗುರವಾಗಿ, ಒಂದು ಆಸೆಯಿಂದ, ನಮ್ಮ ಊರಿನಲ್ಲಿ ಎಷ್ಟು ಬೀದಿ ಮಗು ಎಂದು ಕೇಳಿದೆ. ಅವಳು ಅಂಗಳದ ನಡುವೆ ನೆಟ್ಟಗೆ ನಿಂತು ಕೈಕಟ್ಟಿದಳು.

"ಎಂಟು ಸಾ."

ಮತ್ತೆ ಇದು ಎಂದು ನಾನು ಆ ಹನ್ನೊಂದು ಮನೆಗಳ ಕಡೆ ಕೈ ತೋರಿಸಿದೆ. ಊರಾಚೆ ಬರುತ್ತದೆ, ಕೂತುಕೋ ಎಂದು ನಾನಂದದ್ದನ್ನು ಅವಳು ಜಗಲಿಯ ಮೇಲೆ ಒಪ್ಪಿಸಿರಲಿಲ್ಲ, ಅದು ಉದುರಿರಲೂ ಇಲ್ಲ. ಅವಳು ಸುತ್ತ ಒಮ್ಮೆ ನೋಡಿದಳು. ತಿಳಿಯದವರಿಗೆ ತಿಳಿಸಿ ಹೇಳುವ ಹಾಗೆ, ಬೇಸರವಿಲ್ಲದೆ ಹೇಳಿದಳು.

"ಇದು ಊರಲ್ಲ ಸಾ. ಇಲ್ಲಿ ನಾವಿರಾದು."